ನಾಲ್ಕು ಸೆಕೆಂಡಿನ ಬಾಗಿಲು

ನಮ್ಮ ದೊಡ್ಡಮ್ಮನಿಗೂ ನಮ್ಮ ಕಟ್ಟಡದ ಲಿಫ್ಟಿಗೂ ಮಾತು ಬಿಟ್ಟು ಆರು ವಾರವಾಗಿತ್ತು. ಮಾತು ಬಿಟ್ಟವಳು ದೊಡ್ಡಮ್ಮ. ಲಿಫ್ಟು ಎಂದಿನ ಹಾಗೆ "ಐದನೇ ಮಹಡಿ, ಐದನೇ ಮಹಡಿ" ಎಂದು ಸಾರುತ್ತಲೇ ಇತ್ತು.

ಜಗಳದ ಮೂಲ ಇಷ್ಟೇ. ನಮ್ಮ ಮಹಡಿಯಲ್ಲಿ ಎರಡು ಲಿಫ್ಟುಗಳಿವೆ, ಕಾರಿಡಾರಿನ ಆ ತುದಿಗೊಂದು, ಈ ತುದಿಗೊಂದು. ಕರೆಯುವ ಗುಂಡಿ ಮಾತ್ರ ಒಂದೇ, ನಟ್ಟನಡುವೆ, ಬೆಂಚಿನ ಪಕ್ಕದ ಗೋಡೆಯಲ್ಲಿ. ಕಟ್ಟಿಸಿದ ಪುಣ್ಯಾತ್ಮನಿಗೆ ಅದು ಯಾಕೆ ಹಾಗೆ ಹೊಳೆಯಿತೋ. ಗುಂಡಿ ಒತ್ತಿದರೆ ಯಾವುದು ಬರುತ್ತದೆಂದು ಹೇಳುವಂತಿಲ್ಲ. ಎಡಗಡೆಯದು ಬಂದರೆ ಎಡಕ್ಕೆ ಎಂಟು ಹೆಜ್ಜೆ, ಬಲಗಡೆಯದು ಬಂದರೆ ಬಲಕ್ಕೆ ಎಂಟು ಹೆಜ್ಜೆ. ಬಾಗಿಲು ನಾಲ್ಕು ಸೆಕೆಂಡು ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಮಂಡಿಯ ಆಪರೇಷನ್ ಆಗುವ ಮೊದಲು ದೊಡ್ಡಮ್ಮನಿಗೆ ಇದು ಲೆಕ್ಕಕ್ಕೇ ಇರಲಿಲ್ಲ. ಆಪರೇಷನ್ ಆದ ಮೇಲೆ, ಕೋಲೂರಿಕೊಂಡು ಮೂರನೇ ಹೆಜ್ಜೆ ಇಡುವಷ್ಟರಲ್ಲಿ ಬಾಗಿಲು ಮುಖದ ಮೇಲೆ ಮುಚ್ಚುತ್ತಿತ್ತು. ತಿರುಗಿ ಬಂದು ಗುಂಡಿ ಒತ್ತಿದರೆ ಇನ್ನೊಂದು ತುದಿಯಲ್ಲಿ ಇನ್ನೊಂದು ಬಾಗಿಲು. ಅತ್ತ ಹೋದರೆ ಅದೂ ಅಷ್ಟೇ. ಒಂದು ಮಧ್ಯಾಹ್ನ ಹೀಗೆ ಏಳು ಸಲ ಕಣ್ಣಾಮುಚ್ಚಾಲೆ ಆಡಿ, ಬೆಂಚಿನ ಮೇಲೆ ಕೂತು, ಕೋಲಿನಿಂದ ನೆಲ ಕುಟ್ಟಿ, ಮನೆಯೊಳಗೆ ಬಂದವಳು ಮತ್ತೆ ಹೊರಗೆ ಹೋಗಲಿಲ್ಲ.

ಯಾರಾದರೂ ಬಾಗಿಲು ಹಿಡಿದುಕೊಳ್ಳಲಿ ಎಂದರೆ, "ನಾನೇನು ಸಾಮಾನಾ, ಹಿಡಿದು ಸಾಗಿಸೋದಕ್ಕೆ?" ಎನ್ನುವವಳು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು, ಸಾವಿರಾರು ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವಳು. ಅವರಲ್ಲಿ ನಾನೂ ಒಬ್ಬಳು. ಅಮ್ಮ ಕೆಲಸದ ಮೇಲೆ ಊರಿಂದೂರಿಗೆ ತಿರುಗುತ್ತಿದ್ದಾಗ ಅಮ್ಮನ ಅಕ್ಕನಾದ ಇವಳೇ ನನ್ನನ್ನು ಸಾಕಿದ್ದು. ಈಗ ನಾವಿಬ್ಬರೂ ಒಟ್ಟಿಗೆ ಇದ್ದೇವೆ. ನಮ್ಮಿಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ, ಹಾಗಾಗಿ ಮನೆಯಲ್ಲಿ ಬೇಸರ ಎಂಬುದಿಲ್ಲ.

ಅವಳಿಗೆ ಕೆಳಗಿಳಿಯಲೇಬೇಕಾದ ಕಾರಣ ಒಂದಿತ್ತು. ನೆಲಮಹಡಿಯ ಹಾಲಿನಲ್ಲಿ ದಿನಾ ಮೂರು ಗಂಟೆಗೆ ನಾಲ್ವರು ಹೆಂಗಸರು ಇಸ್ಪೀಟಾಡುತ್ತಾರೆ. ಒಂಬತ್ತು ವರ್ಷದಿಂದ ದೊಡ್ಡಮ್ಮ ಆ ನಾಲ್ವರಲ್ಲಿ ಒಬ್ಬಳು, ಅವಳ ಮಾತಿನಲ್ಲಿ ಹೇಳುವುದಾದರೆ ಆ ನಾಲ್ವರಲ್ಲಿ ಆಡಲು ಬರುವವಳು ಅವಳೊಬ್ಬಳೇ. ಆರು ವಾರದಿಂದ ಅವಳ ಕುರ್ಚಿಯಲ್ಲಿ ಮೂರನೇ ಮಹಡಿಯ ಹಲ್ಲಿನ ಡಾಕ್ಟರ ಅತ್ತೆ ಕೂರುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಹಾಲಿನ ಬೋರ್ಡಿಗೆ ಆಟಗಾರರ ಹೊಸ ಪಟ್ಟಿ ಹಚ್ಚುತ್ತಾರೆ. ಮುಂದಿನ ಸೋಮವಾರ ಮೂರು ಗಂಟೆಗೆ ಯಾರು ತಾವೇ ಬಂದು ರುಜು ಹಾಕುತ್ತಾರೋ ಕುರ್ಚಿ ಅವರದು.

"ಆ ಹೆಂಗಸು ಎಲೆ ಹಿಡಿಯೋದು ಹೇಗೆ ಗೊತ್ತಾ? ಪೇಪರ್ ಓದೋ ಹಾಗೆ ಬಿಚ್ಚಿ ಹಿಡೀತಾಳೆ! ಊರಿಗೆಲ್ಲಾ ಕಾಣುತ್ತೆ!" ಎಂದು ದೊಡ್ಡಮ್ಮ ಮುಖ ಊದಿಸಿಕೊಂಡಳು. "ನನ್ನ ಕುರ್ಚೀಲಿ ಕೂತು! ಎಲ್ಲಾ ಆ ಲಿಫ್ಟಿನ ಸೊಕ್ಕಿನಿಂದ. ಯಾವ ಬೇಕೂಫ ಮಾಡಿದ್ದೇ ಅದನ್ನ? ನಾಲ್ಕು ಸೆಕೆಂಡಂತೆ! ಅವನ ಮನೇಲಿ ಹಿರಿಯರು ಅಂತ ಯಾರೂ ಇಲ್ವಾ?"

ನಾನು ತಟ್ಟೆ ತೊಳೆಯುತ್ತಿದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

"ದೊಡ್ಡಮ್ಮ, ಆ ನಾಲ್ಕು ಬರೆದದ್ದು ನಾನು."

ಅವಳು ತಿರುಗಿ ನೋಡಿದಳು.

"ಲಿಫ್ಟು ನಮ್ಮ ಕಂಪನಿಯದು ಅಂತ ನಿನಗೆ ಗೊತ್ತಲ್ಲ. ಬಾಗಿಲಿನ ಪ್ರೋಗ್ರಾಂ ನಾನು ಬರೆದದ್ದು. ಹನ್ನೊಂದು ವರ್ಷದ ಹಿಂದೆ."

"ಅಂದ್ರೆ ಆರು ವಾರದಿಂದ ನನ್ನ ಮುಖಕ್ಕೆ ಬಾಗಿಲು ಬಡೀತಾ ಇರೋಳು ನೀನು!"

ಬೈಯುತ್ತಾಳೆಂದುಕೊಂಡರೆ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಬೇಕೂಫ ಅಲ್ಲ, ಬೇಕೂಫಿ," ಎಂದು ತಿದ್ದಿಕೊಂಡು ಕೋಣೆಗೆ ಹೋದಳು. ನನಗೆ ನಗು ಬರಲಿಲ್ಲ. ಸೋಮವಾರಕ್ಕೆ ಇನ್ನು ಆರೇ ದಿನವಿತ್ತು.

ಆ ನಾಲ್ಕು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ನಮ್ಮ ಕಂಪನಿಯ ಯಜಮಾನರದ್ದು ಒಂದು ನಿಯಮ: ನಡೆಯದೆ ಅಂಕಿ ಬರೆಯುವಂತಿಲ್ಲ. ಲಿಫ್ಟಿನ ಯಾವ ಅಂಕಿಯನ್ನೂ ಪುಸ್ತಕ ನೋಡಿ ಹಾಕಬಾರದು, ನಮ್ಮಲ್ಲೇ ಯಾರಾದರೂ ಮೈ ಬಗ್ಗಿಸಿ ಅಳೆದು ನೋಡಬೇಕು. ಕಾರ್ಖಾನೆಯ ಹಿಂಭಾಗದಲ್ಲಿ ಮೂರು ಅಂತಸ್ತಿನ ಕಬ್ಬಿಣದ ಗೋಪುರವಿದೆ, ಅದರೊಳಗೆ ಪರೀಕ್ಷೆಯ ಲಿಫ್ಟು. ಅದರ ಮುಂದೆ ನೆಲದ ಮೇಲೆ ಬಿಳಿ ಗೆರೆ. ಗೆರೆಯಿಂದ ಬಾಗಿಲಿಗೆ ಎಂಟು ಹೆಜ್ಜೆ. ಇಪ್ಪತ್ತಾರರ ವಯಸ್ಸಿನಲ್ಲಿ ನಾನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಗೆರೆಯ ಮೇಲೆ ನಿಂತೆ, ಗಂಟೆ ಬಾರಿಸಿತು, ನಡೆದೆ. ನಾಲ್ಕು ಸೆಕೆಂಡು. ಹೆಮ್ಮೆಯಿಂದ ಹೋಗಿ ಬರೆದುಬಿಟ್ಟೆ. ಆಗ ಕಂಪನಿಯಲ್ಲಿ ಮೂವತ್ತು ದಾಟಿದವರು ಯಜಮಾನರೊಬ್ಬರೇ. ಅಂದರೆ ಇನ್ನೂರು ಕಟ್ಟಡಗಳ ಲಿಫ್ಟುಗಳು ಹನ್ನೊಂದು ವರ್ಷದಿಂದ ನಡೆಯುತ್ತಿರುವುದು ನನ್ನ ಇಪ್ಪತ್ತಾರರ ಮಂಡಿಯ ಮೇಲೆ.

ಮರುದಿನ ಬೆಳಿಗ್ಗೆಯೇ ಯಜಮಾನರ ಕೋಣೆಗೆ ನುಗ್ಗಿದೆ.

"ಸರ್, ಬಾಗಿಲಿನ ಕಾಯುವ ಹೊತ್ತು ಬದಲಾಗಬೇಕು."

ಅವರು ಕನ್ನಡಕ ಮೇಲೆತ್ತಿದರು. "ಎಷ್ಟಕ್ಕೆ?"

"ನಮ್ಮ ಕಟ್ಟಡಕ್ಕೆ ಜಾಸ್ತಿ ಬೇಕು."

"ನಿಮ್ಮ ಕಟ್ಟಡಕ್ಕೆ ಜಾಸ್ತಿ ಮಾಡಿದ್ರೆ ಇನ್ನೂರು ಕಟ್ಟಡಕ್ಕೂ ಜಾಸ್ತಿ ಆಗುತ್ತಲ್ಲಮ್ಮಾ. ರೈಲ್ವೆ ನಿಲ್ದಾಣದವರು ನನ್ನ ಜೀವ ತಿಂತಾರೆ. ಅವರಿಗೆ ನಾಲ್ಕೇ ಜಾಸ್ತಿ."

ಅವರು ಹೇಳಿದ್ದು ನಿಜ. ಆ ನಾಲ್ಕನ್ನು ನಾನು ಪ್ರೋಗ್ರಾಮಿನ ಒಂದು ಕ್ಲಾಸಿನ ಒಳಗೆ, ಅಂದರೆ ಒಂದು ಪೆಟ್ಟಿಗೆಯೊಳಗೆ, ಫೀಲ್ಡ್ ಎನ್ನುವ ಖಾನೆಯಲ್ಲಿ ಇಟ್ಟು ಬೀಗ ಜಡಿದಿದ್ದೆ. ಹೊರಗಿನವರು ಯಾರೂ ನೋಡುವಂತಿಲ್ಲ, ಮುಟ್ಟುವಂತಿಲ್ಲ. ಆಗ ಅದನ್ನೇ ಜಾಣತನ ಎಂದುಕೊಂಡಿದ್ದೆ. ಈಗ ಅಂಕಿ ಬದಲಾಗಬೇಕಾದರೆ ಪ್ರೋಗ್ರಾಮನ್ನೇ ಬಿಚ್ಚಿ ತಿದ್ದಬೇಕು, ತಿದ್ದಿದ್ದು ಎಲ್ಲರಿಗೂ ಹೋಗುತ್ತದೆ. ಕಟ್ಟಡಕ್ಕೊಂದು ಪ್ರತಿ ಇಟ್ಟುಕೊಳ್ಳೋಣವೆಂದರೆ, ಒಮ್ಮೆ ಮೂರು ಪ್ರತಿ ಮಾಡಿ, ಯಾವುದು ಯಾರದ್ದೆಂದು ತಿಳಿಯದೆ ನಾವೆಲ್ಲ ಒಂದು ವಾರ ತಲೆ ಕೆರೆದುಕೊಂಡದ್ದಿದೆ.

"ಪ್ರತಿ ಬೇಡ ಸರ್. ಅಂಕಿಯನ್ನು ಕ್ಲಾಸಿನಿಂದ ಈಚೆಗೆ ತರ್ತೀನಿ. ಫ್ರೇಮ್‌ವರ್ಕ್ ಕೈಗೆ ಕೊಡ್ತೀನಿ."

ಇದು ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು. ನಮ್ಮ ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಭಾಗವೂ ಹುಟ್ಟುವಾಗಲೇ ಕೈಯಲ್ಲೊಂದು ಚೀಟಿ ಹಿಡಿದು ಹುಟ್ಟುತ್ತದೆ, ನನಗೆ ಮೋಟಾರು ಬೇಕು, ನನಗೆ ಗಂಟೆ ಬೇಕು ಎಂದು. ಅವುಗಳ ಚೀಟಿ ಓದಿ ಬೇಕಾದದ್ದನ್ನು ಹುಡುಕಿ ಕೊಡುವುದು ಫ್ರೇಮ್‌ವರ್ಕಿನ ಕೆಲಸ. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಮನೆಯ ಹಿರಿಯಳ ಹಾಗೆ ಅದು. ಉಗ್ರಾಣದಲ್ಲಿ ಇಲ್ಲದ್ದನ್ನು ಅದು ಕೊಡಲಾರದು. ನನ್ನ ನಾಲ್ಕು ಇದ್ದದ್ದು ನನ್ನ ಸೆರಗಿನ ಗಂಟಿನಲ್ಲಿ. ಫೀಲ್ಡಿನ ಮೇಲೆ ಒಂದು ಸಾಲು ಗುರುತು ಬರೆದರೆ ಸಾಕು, ಅದರೊಳಗಿನ ಅಂಕಿಯೂ ಉಗ್ರಾಣಕ್ಕೆ ಸೇರುತ್ತದೆ. ಆ ಅಂಕಿ ಎಷ್ಟೆಂದು ಆಯಾ ಕಟ್ಟಡದ ಸೆಟ್ಟಿಂಗಿನಲ್ಲಿ ಬರೆದಿಡಬಹುದು. ಆಮೇಲೆ ಬಾಗಿಲು ಬಾಯಿಬಿಟ್ಟು ಕೇಳಿದರೆ ಫ್ರೇಮ್‌ವರ್ಕ್ ಕೊಡುತ್ತದೆ. ನಿಲ್ದಾಣಕ್ಕೆ ನಾಲ್ಕು, ನಮ್ಮ ಕಟ್ಟಡಕ್ಕೆ ಬೇರೆ, ಪ್ರೋಗ್ರಾಂ ಮಾತ್ರ ಎಲ್ಲರಿಗೂ ಅದೇ.

ಯಜಮಾನರು ಬೆರಳಿನಿಂದ ಮೇಜು ತಟ್ಟಿದರು. "ಅಂಕಿ ಒಳಗಿದ್ರೆ ಕ್ಷೇಮ. ಈಚೆಗೆ ತಂದ್ರೆ ಯಾರು ಏನು ಬೇಕಾದ್ರೂ ಮಾಡ್ತಾರೆ."

"ಮೂರಕ್ಕಿಂತ ಕಮ್ಮಿ, ಇಪ್ಪತ್ತಕ್ಕಿಂತ ಜಾಸ್ತಿ ಹಾಕಿದ್ರೆ ಒಪ್ಪಬಾರದು ಅಂತ ಕಟ್ಟು ಹಾಕ್ತೀನಿ ಸರ್."

"ಗುರುವಾರ ಗೋಪುರದಲ್ಲಿ ತೋರಿಸಿ. ನನ್ನ ಕಣ್ಣೆದುರಿಗೆ ಸರಿಯಾಗಿ ನಡೆದ್ರೆ ಸೋಮವಾರ ಬೆಳಿಗ್ಗೆ ನಿಮ್ಮ ಕಟ್ಟಡಕ್ಕೆ ಹಾಕೋಣ. ಇಲ್ಲಾಂದ್ರೆ ಇಲ್ಲ."

ನನ್ನ ಜೊತೆ ಕೂತು ಕೆಲಸ ಮಾಡುವವನನ್ನು ಎಲ್ಲರೂ ಗೊಣಗಣ್ಣ ಎನ್ನುತ್ತಾರೆ. ಒಳ್ಳೆಯ ಕೆಲಸಗಾರ, ಆದರೆ ಕಂಪ್ಯೂಟರು ತಪ್ಪು ತೋರಿಸಿದರೆ ಅದರ ಬಾಯಿ ಮುಚ್ಚಿಸುವವರೆಗೂ ಊಟ ಸೇರದು. ಇಬ್ಬರೂ ಕೂತೆವು. ಆ ಕ್ಲಾಸಿನಲ್ಲಿ ಮೂರು ಅಂಕಿಗಳಿದ್ದವು: ಬಾಗಿಲು ಕಾಯಲು ನಾಲ್ಕು ಸೆಕೆಂಡು, ಬಾಗಿಲು ಮುಚ್ಚದೆ ತೆರೆದೇ ಉಳಿದರೆ ಬಜರ್ ಕೂಗಲು ಇಪ್ಪತ್ತೈದು, ಲಿಫ್ಟು ಸುಮ್ಮನೆ ನಿಂತಿದ್ದರೆ ಒಳಗಿನ ಫ್ಯಾನ್ ಆರಲು ತೊಂಬತ್ತು. ಹೇಗೂ ಬೀಗ ತೆಗೆಯುತ್ತಿದ್ದೇವೆ, ಮೂರನ್ನೂ ಈಚೆಗೆ ತರೋಣ ಎಂದೆ. ಮೂರರ ಮೇಲೂ ಗುರುತು ಬರೆದು ಊಟಕ್ಕೆ ಎದ್ದೆ.

ವಾಪಸು ಬಂದಾಗ ಗೊಣಗಣ್ಣ ಪ್ರಸನ್ನನಾಗಿದ್ದ. ಅಷ್ಟು ಹೊತ್ತಿಗೇ ನನಗೆ ಅನುಮಾನ ಬರಬೇಕಿತ್ತು.

"ಏನೋ ತಕರಾರು ಮಾಡ್ತಿತ್ತು. ಬಗೆಹರಿಸಿದೆ," ಎಂದ.

"ಸರಿಯಾಗಿ ಬಗೆಹರಿಸಿದೆಯಾ?"

"ಈಗ ಬಾಯಿ ಬಿಡ್ತಾ ಇಲ್ಲ."

ಅವನು ಬರೆದದ್ದನ್ನು ನಾನು ಓದಿ ನೋಡಬೇಕಿತ್ತು. ಅವಸರದಲ್ಲಿದ್ದೆ, ತಲೆಯಲ್ಲಿ ಸೋಮವಾರವೇ ತುಂಬಿತ್ತು. ಓದದೆ ಒಪ್ಪಿಗೆ ಒತ್ತಿಬಿಟ್ಟೆ.

ಗುರುವಾರ ಹನ್ನೊಂದಕ್ಕೆ ಯಜಮಾನರು ಗೋಪುರಕ್ಕೆ ಬಂದರು. ನಾನು ಸೆಟ್ಟಿಂಗಿನಲ್ಲಿ ಬಾಗಿಲಿಗೆ ಎಂಟು ಸೆಕೆಂಡು ಎಂದು ಹಾಕಿದ್ದೆ. ಅವರು ಲಿಫ್ಟಿನೊಳಗೆ ಹೋಗಿ ಕೈ ಕಟ್ಟಿ ನಿಂತರು. ನಾವಿಬ್ಬರೂ ಹೊರಗೆ. ಎಂಟು ಸೆಕೆಂಡು ಆಯಿತು, ಬಾಗಿಲು ಮುಚ್ಚಲಿಲ್ಲ. ಹದಿನೈದಾಯಿತು. ಯಜಮಾನರು ಗಡಿಯಾರ ನೋಡಿಕೊಂಡರು. ಇಪ್ಪತ್ತೈದಾಯಿತು, ಕೂಗಬೇಕಾದ ಬಜರ್ರೂ ಕೂಗಲಿಲ್ಲ. ಅವರು ನಮ್ಮನ್ನು ನೋಡುತ್ತಾ ಒಳಗೆ, ನಾವು ಅವರನ್ನು ನೋಡುತ್ತಾ ಹೊರಗೆ. ಇಷ್ಟು ದೀರ್ಘವಾಗಿ ನಾನು ಯಜಮಾನರ ಮುಖವನ್ನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ಗೊಣಗಣ್ಣ ಸಣ್ಣಗೆ ಕೆಮ್ಮಿದ. ಅರವತ್ತಾಯಿತು. "ಮುಚ್ಚುತ್ತೇನಮ್ಮಾ ಇದು, ಅಥವಾ ನಾನು ಇಲ್ಲೇ ಸಂಸಾರ ಹೂಡಲಾ?" ಎಂದರು ಯಜಮಾನರು. ಸರಿಯಾಗಿ ತೊಂಬತ್ತನೇ ಸೆಕೆಂಡಿಗೆ ಬಾಗಿಲು ಮುಚ್ಚತೊಡಗಿತು, ಬಜರ್ ಕಿವಿ ಕಿತ್ತು ಹೋಗುವಂತೆ ಕೂಗಿತು, ಫ್ಯಾನ್ ಆರಿತು. ಮೂರೂ ಒಟ್ಟಿಗೆ.

ನನಗೆ ತಕ್ಷಣ ಹೊಳೆಯಿತು. ಗೊಣಗಣ್ಣನ ಕಡೆ ತಿರುಗಿದೆ.

"ಅದು ಏನಂತ ತಕರಾರು ಮಾಡಿತ್ತು?"

"ಇಂಥವು ಮೂರಿವೆ, ಯಾವುದನ್ನ ಕೊಡಲಿ ಅಂತ ಕೇಳ್ತಿತ್ತು," ಎಂದ ಮೆಲ್ಲಗೆ. "ಒಂದಕ್ಕೆ ಮೊದಲ ಆಯ್ಕೆ ಅಂತ ಗುರುತು ಹಾಕಿದೆ. ಫ್ಯಾನಿನದಕ್ಕೆ. ಅದು ಕೊನೇ ಸಾಲಲ್ಲಿತ್ತು, ಹಾಕೋದು ಸುಲಭ ಆಯ್ತು."

ಮೂರೂ ಒಂದೇ ಜಾತಿಯ ವಸ್ತುಗಳು, ಇಷ್ಟು ಸೆಕೆಂಡು ಎನ್ನುವ ಅವಧಿಗಳು. ನಾನು ಯಾವುದಕ್ಕೂ ಹೆಸರಿಟ್ಟಿರಲಿಲ್ಲ. ಬಾಗಿಲು ಬಂದು "ಒಂದು ಅವಧಿ ಕೊಡಿ" ಎಂದು ಕೇಳಿದರೆ ಪಾಪ ಫ್ರೇಮ್‌ವರ್ಕ್ ಏನು ಮಾಡೀತು? ನ್ಯಾಯವಾಗಿಯೇ ಯಾವುದು ಎಂದು ಕೇಳಿತ್ತು. ಇವನು ಅದರ ಬಾಯಿ ಮುಚ್ಚಿಸಿದ್ದ. ಅಲ್ಲಿಂದ ಮುಂದೆ ಯಾರು ಏನು ಕೇಳಿದರೂ ಫ್ಯಾನಿನ ತೊಂಬತ್ತು. ಇಪ್ಪತ್ತರ ಕಟ್ಟು ನಾನು ಹಾಕಿದ್ದು ಸೆಟ್ಟಿಂಗಿನಲ್ಲಿ ಬರೆಯುವ ಬಾಗಿಲಿನ ಅಂಕಿಗೆ ಮಾತ್ರ.

"ಅದು ಮರ್ಯಾದೆಯಿಂದ ಪ್ರಶ್ನೆ ಕೇಳಿದ್ರೆ ನೀನು ಬಾಯಿಗೆ ಬಟ್ಟೆ ತುರುಕಿದೆಯಲ್ಲೋ!" ಎಂದು ಕೂಗಾಡಿದೆ.

"ಒಪ್ಪಿಗೆ ಒತ್ತಿದವಳು ನೀನಲ್ವಾ?" ಎಂದ ಅವನು.

ಬಾಗಿಲು ಮತ್ತೆ ತೆರೆದು ಯಜಮಾನರು ಹೊರಬಂದರು. ಬೆವರಿದ್ದರು. ಇನ್ನು ಮುಗಿಯಿತು, ಹೋಯಿತು ದೊಡ್ಡಮ್ಮನ ಕುರ್ಚಿ ಎಂದುಕೊಂಡೆ.

"ಇದಕ್ಕೇ ನಾನು ಒಳಗೇ ಇಡಿ ಅಂದದ್ದು," ಎಂದರು.

"ತಪ್ಪು ನನ್ನದು ಸರ್. ಈಚೆಗೆ ತಂದೆ, ಹೆಸರಿಡದೆ ತಂದೆ. ಒಂದೊಂದಕ್ಕೂ ಹೆಸರಿಡ್ತೀನಿ. ಹೆಸರು ಹೇಳಿ ಕೇಳಿದ್ರೆ ಮಾತ್ರ ಸಿಗಬೇಕು, ಮೊದಲ ಆಯ್ಕೆ ಅನ್ನೋದೇ ಬೇಡ. ನಾಳೆ ಒಂದು ದಿನ ಕೊಡಿ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ನಾಳೆ. ಇನ್ನೊಂದು ವಿಷಯ. ಆ ಎಂಟು ಎಲ್ಲಿಂದ ಬಂತು? ಯಾರು ನಡೆದದ್ದು?"

ಯಾರೂ ನಡೆದಿರಲಿಲ್ಲ. ನಾನು ಅಂದಾಜಿನ ಮೇಲೆ ಹಾಕಿದ್ದೆ. ಯಜಮಾನರ ನಿಯಮ ನನಗೇ ಮರೆತುಹೋಗಿತ್ತು.

"ಯಾರಿಗೆ ಬೇಕೋ ಅವರನ್ನೇ ಕರೆದುಕೊಂಡು ಬನ್ನಿ. ಗೆರೆಯಿಂದ ನಡೀಲಿ. ಬಂದ ಅಂಕಿಗೆ ಒಂದು ಸೇರಿಸಿ ಹಾಕೋಣ."

ಆ ಸಂಜೆ ವಿಷಯ ಹೇಳಿದ್ದೇ ತಡ, ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. "ಸ್ಟಾಪ್‌ವಾಚ್ ಇಡ್ತಾರಾ?" ಎಂದು ಕೇಳಿದಳು. ಇಡುತ್ತಾರೆ ಎಂದೆ. "ಎಷ್ಟು ಜನ ನೋಡ್ತಾರೆ?" ಎಂದಳು. ಮೂರು ನಾಲ್ಕು ಜನ ಎಂದೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿಂದಿತ್ತ ಟಕ್ ಟಕ್ ಎಂದು ಕೋಲಿನ ಸದ್ದು ಮಾಡುತ್ತಲೇ ಇದ್ದಳು. ವ್ಯಾಯಾಮ ಮಾಡುತ್ತಿದ್ದಾಳೆ, ಒಳ್ಳೆಯದೇ ಎಂದುಕೊಂಡು ಸುಮ್ಮನಾದೆ. ಮೂವತ್ತೇಳು ವರ್ಷ ಜೊತೆಗಿದ್ದೂ ನಾನು ಎಷ್ಟು ದಡ್ಡಿ ನೋಡಿ.

ಶುಕ್ರವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೊರಟೆ. ನಮ್ಮ ಮಹಡಿಯಲ್ಲಿ ನಾನು ಓಡಿಹೋಗಿ ಬಾಗಿಲು ಹಿಡಿದಾಗ, "ಇವತ್ತು ಒಂದು ದಿನ ಮಾತ್ರ" ಎಂದು ಗದರಿ ಒಳಗೆ ಬಂದಳು. ಕಾರ್ಖಾನೆಯಲ್ಲಿ, ಹಿಂದಿನ ದಿನವೇ ನಾನು ಹೆಸರಿಟ್ಟಿದ್ದ ಅಂಕಿಗಳು ಚೆನ್ನಾಗಿ ನಡೆಯುತ್ತಿದ್ದವು. ಬೆಳಿಗ್ಗೆಯಿಂದ ಗೊಣಗಣ್ಣ ನಲವತ್ತು ಸಲ ಪರೀಕ್ಷಿಸಿದ್ದ, ಪ್ರಾಯಶ್ಚಿತ್ತ ಎನ್ನುವ ಹಾಗೆ. ಬಾಗಿಲು ಬಾಗಿಲಿನದ್ದನ್ನು ಕೇಳಿ ಪಡೆಯುತ್ತಿತ್ತು, ಫ್ಯಾನು ಫ್ಯಾನಿನದ್ದನ್ನು. ಯಜಮಾನರು ಅದನ್ನು ನೋಡಿ ತಲೆಯಾಡಿಸಿದರು. ಉಳಿದದ್ದು ಅಂಕಿಯೊಂದೇ.

ದೊಡ್ಡಮ್ಮ ಗೆರೆಯ ಮೇಲೆ ನಿಂತಳು. ಯಜಮಾನರೇ ಸ್ಟಾಪ್‌ವಾಚ್ ಹಿಡಿದರು. "ನಿಧಾನವಾಗಿ ಬನ್ನಿ ಅಮ್ಮಾ," ಎಂದರು.

ಗಂಟೆ ಬಾರಿಸಿತು. ದೊಡ್ಡಮ್ಮ ಕೋಲನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟಳು ನೋಡಿ! ತುಟಿ ಕಚ್ಚಿ, ಕತ್ತು ಮುಂದೆ ಚಾಚಿ, ಒಂದೇ ದಮ್ಮಿಗೆ ಎಂಟು ಹೆಜ್ಜೆ ಹಾಕಿ ಲಿಫ್ಟಿನ ಒಳಗೋಡೆಗೆ ಹೋಗಿ ತಾಗಿ ನಿಂತಳು.

"ಐದು ಸೆಕೆಂಡು!" ಎಂದರು ಯಜಮಾನರು, ಬೆರಗಾಗಿ. ಗೊಣಗಣ್ಣ ಚಪ್ಪಾಳೆ ತಟ್ಟಿದ. "ಹಾಗಾದ್ರೆ ಆರು ಹಾಕೋಣ."

ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಗುತ್ತಿದ್ದಳು, ಗೆದ್ದ ಮಕ್ಕಳು ನಗುವ ಹಾಗೆ. ಹಣೆಯ ಮೇಲೆ ಬೆವರು. ಎಡಗೈ ಮಂಡಿಯನ್ನು ಒತ್ತಿ ಹಿಡಿದಿತ್ತು. ರಾತ್ರಿ ಕೋಣೆಯಲ್ಲಿ ಮಾಡಿದ್ದು ಇದನ್ನೇ. ಪರೀಕ್ಷೆಗೆಂದು ತಾಲೀಮು.

ನನಗೆ ಏನು ಮಾಡಬೇಕೋ ತೋಚಲಿಲ್ಲ. ಆರು ಎಂದು ಬರೆದರೆ ಸೋಮವಾರ ಮಧ್ಯಾಹ್ನ ಮತ್ತೆ ಅದೇ ಬೆಂಚು, ಅದೇ ಮುಚ್ಚಿದ ಬಾಗಿಲು. ಈ ಸಲ ನನ್ನ ಅಂಕಿಯೂ ಅಲ್ಲ, ಅವಳದ್ದೇ ಅಂಕಿ. ಯಾರನ್ನು ಬೈದುಕೊಂಡಾಳು? ಇಲ್ಲ, ಇದು ನಿಜವಲ್ಲ ಎಂದರೆ ನಾಲ್ಕು ಜನರ ಎದುರು ಅವಳ ಮಾನ ತೆಗೆದ ಹಾಗೆ. ಯಜಮಾನರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಸರ್, ನಾನೂ ಒಂದು ಸಲ ನಡೀತೀನಿ," ಎಂದೆ.

ಬ್ಯಾಗು ಹೆಗಲಿಗೆ ಹಾಕಿಕೊಂಡು ಗೆರೆಯ ಮೇಲೆ ನಿಂತೆ. ಗಂಟೆ ಬಾರಿಸಿತು. ದಿನಾ ಸಂಜೆ ಕೆಲಸ ಮುಗಿಸಿ, ಸುಸ್ತಾಗಿ, ಮನೆಗೆ ಹೇಗೆ ನಡೆಯುತ್ತೇನೋ ಹಾಗೇ ನಡೆದೆ. ಲಿಫ್ಟಿನೊಳಗೆ ಹೋಗಿ ದೊಡ್ಡಮ್ಮನ ಪಕ್ಕದಲ್ಲಿ ನಿಂತೆ.

"ಆರು," ಎಂದರು ಯಜಮಾನರು.

"ನಂದು ಆರಂತೆ ದೊಡ್ಡಮ್ಮ. ನಿಂದು ಐದು," ಎಂದೆ.

ಅವಳು ಮುಖ ಆ ಕಡೆ ತಿರುಗಿಸಿದಳು. "ನೀನು ಮೊದಲಿಂದಲೂ ಸೋಮಾರಿ."

ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು. ಯಜಮಾನರು ಇದ್ದಾರೆ, ಗೊಣಗಣ್ಣ ಇದ್ದಾನೆ ಎಂಬುದೆಲ್ಲ ಮರೆತೇ ಹೋಯಿತು. "ಸುಳ್ಳು ನಡೀಬೇಡ ದೊಡ್ಡಮ್ಮ! ಇದು ಓಟದ ಸ್ಪರ್ಧೆ ಅಲ್ಲ! ಇಲ್ಲಿ ಗೆದ್ರೆ ನಿನಗೆ ಸಿಗೋದು ಮುಚ್ಚಿದ ಬಾಗಿಲು. ಇಪ್ಪತ್ತಾರನೇ ವಯಸ್ಸಲ್ಲಿ ನಾನೂ ಹೀಗೇ ಜಂಭ ಕೊಚ್ಚಿಕೊಂಡು ನಡೆದೆ. ಅದರ ಫಲ ನೀನು ಆರು ವಾರ ಅನುಭವಿಸಿದೆ. ನನಗೆ ಎಷ್ಟು ನಾಚಿಕೆಯಾಗಿದೆ ಅಂತ ನಿನಗೆ ಗೊತ್ತಾ? ನನಗೆ ನೀನು ಬೇಗ ನಡೆಯೋದು ಬೇಕಾಗಿಲ್ಲ. ನೀನು ಕೆಳಗೆ ಹೋಗೋದು ಬೇಕು."

ಗೊಣಗಣ್ಣ ಚಾವಣಿ ನೋಡುತ್ತಿದ್ದ. ದೊಡ್ಡಮ್ಮ ಕಂಕುಳಿನಿಂದ ಕೋಲು ತೆಗೆದು ನೆಲಕ್ಕೂರಿದಳು. ಆಮೇಲೆ ಲಿಫ್ಟಿನಿಂದ ಹೊರಗೆ ಬಂದು, ಒಂದೊಂದೇ ಹೆಜ್ಜೆ ಇಡುತ್ತಾ ಗೆರೆಯ ಕಡೆಗೆ ಹೊರಟಳು. ಅರ್ಧ ದಾರಿಯಲ್ಲಿ ನಿಂತು ಮಂಡಿ ನೀವಿಕೊಂಡಳು. ಗೆರೆ ತಲುಪಿ ತಿರುಗಿದಳು.

"ಗಂಟೆ ಹೊಡೀರಿ," ಎಂದಳು ಯಜಮಾನರಿಗೆ. "ನಾನೇ ಎಣಿಸ್ತೀನಿ. ನಿಮ್ಮ ಗಡಿಯಾರದ ಜೊತೆ ತಾಳೆ ನೋಡಿಕೊಳ್ಳಿ."

ಮೈದಾನದಲ್ಲಿ ಮಕ್ಕಳಿಗೆ ಎಣಿಸುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಎಣಿಸುತ್ತಾ ಬಂದಳು. ಒಂದು, ಎರಡು, ಮೂರು. ಕೋಲು, ಕಾಲು, ಕಾಲು. ನಾಲ್ಕು ಎಂದಾಗ ನನ್ನನ್ನು ದಿಟ್ಟಿಸಿ ನೋಡಿದಳು, ಆಗ ಅವಳು ಇನ್ನೂ ಎರಡೇ ಹೆಜ್ಜೆ ಇಟ್ಟಿದ್ದಳು. ಹನ್ನೆರಡಕ್ಕೆ ಹೊಸ್ತಿಲು. ಹದಿಮೂರಕ್ಕೆ ಎರಡೂ ಕಾಲು ಒಳಗೆ.

"ಹದಿಮೂರು," ಎಂದಳು.

"ಹದಿಮೂರು," ಎಂದರು ಯಜಮಾನರು. ಪೆನ್ನು ಕೆಳಗಿಟ್ಟು, "ನಂದೂ ಒಂದು ಸಲ ನೋಡ್ರೀ" ಎಂದು ಸ್ಟಾಪ್‌ವಾಚನ್ನು ಗೊಣಗಣ್ಣನ ಕೈಗೆ ಕೊಟ್ಟು ಗೆರೆಯ ಕಡೆ ಹೋದರು. ಅವರದ್ದು ಒಂಬತ್ತು ಬಂತು. "ನೀವು ಇನ್ನೂ ಹುಡುಗರು," ಎಂದು ದೊಡ್ಡಮ್ಮನೇ ಸಮಾಧಾನ ಹೇಳಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗು ನಿಂತ ಮೇಲೆ ಯಜಮಾನರು, ಸೋಮವಾರದಿಂದ ಪ್ರತಿ ಕಟ್ಟಡಕ್ಕೂ ಹೋಗಿ ಅಲ್ಲಿಯ ಅತಿ ನಿಧಾನದವರನ್ನು ನಡೆಸಿ ಅಂಕಿ ತರಬೇಕೆಂದು ಗೊಣಗಣ್ಣನಿಗೆ ಹೇಳಿದರು. ಇನ್ನೂರು ಕಟ್ಟಡ. ಅವನ ಗೊಣಗಾಟ ಈಗಲೂ ನಡೆದಿದೆ.

ಸೋಮವಾರ ಬೆಳಿಗ್ಗೆ ನಮ್ಮ ಕಟ್ಟಡದ ಸೆಟ್ಟಿಂಗಿನಲ್ಲಿ ಬಾಗಿಲಿನ ಹೆಸರಿನ ಮುಂದೆ ಹದಿನಾಲ್ಕು ಎಂದು ಹಾಕಿದೆ. ಮಧ್ಯಾಹ್ನಕ್ಕೆ ರಜೆ ಹಾಕಿ ಮನೆಗೆ ಬಂದೆ. ಮೂರಕ್ಕೆ ಹತ್ತು ನಿಮಿಷವಿದ್ದಾಗ ದೊಡ್ಡಮ್ಮ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ಹೊರಟಳು.

"ನೀನು ಗುಂಡಿ ಹತ್ತಿರ ನಿಂತಿರು. ಕೈ ಕೊಡೋದಕ್ಕೆ ಬಂದ್ರೆ ಕೋಲಲ್ಲಿ ಬಾರಿಸ್ತೀನಿ," ಎಂದಳು.

ಅವಳೇ ಗುಂಡಿ ಒತ್ತಿದಳು. ಬಲಗಡೆಯದು ಬಂತು. ಬಾಗಿಲು ತೆರೆಯಿತು. ದೊಡ್ಡಮ್ಮ ಹೊರಟಳು, ಓಡಲಿಲ್ಲ, ತುಟಿ ಕಚ್ಚಲಿಲ್ಲ. ನಾನು ಬೆಂಚಿನ ಪಕ್ಕದಲ್ಲಿ ನಿಂತು ಒಳಗೊಳಗೇ ಎಣಿಸುತ್ತಿದ್ದೆ. ನಾಲ್ಕಾಯಿತು, ಬಾಗಿಲು ಕದಲಲಿಲ್ಲ. ಏಳು, ಎಂಟು. ಅವಳ ಬೆನ್ನು ನೋಡುತ್ತಿದ್ದೆ, ಆರು ವಾರದಲ್ಲಿ ಆ ಬೆನ್ನು ಎಷ್ಟು ಸಣ್ಣದಾಗಿತ್ತೆಂದು ಆಗ ಕಂಡಿತು. ಹನ್ನೊಂದು. ಕೋಲು ಹೊಸ್ತಿಲು ದಾಟಿತು. ಹನ್ನೆರಡಕ್ಕೇ ಅವಳು ಒಳಗಿದ್ದಳು. ತಿರುಗಿ ನಿಂತು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ತೆರೆದೇ ಇದ್ದ ಬಾಗಿಲಿನಿಂದ ನನ್ನನ್ನು ನೋಡಿ ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡವಳಾದ ಮೇಲೆ ಹಾಗೆ ಅತ್ತದ್ದು ನೆನಪಿಲ್ಲ. ಮೂಗೊರೆಸಿಕೊಳ್ಳುತ್ತಾ ಅಲ್ಲೇ ನಿಂತುಬಿಟ್ಟೆ.

"ಏನೇ ನೋಡ್ತಿದ್ದೀಯಾ, ಬಾರೇ!" ಎಂದು ಅವಳು ಕೂಗಿದಾಗ ಎಚ್ಚರವಾಯಿತು. ಓಡಿದೆ. ತಲುಪುವಷ್ಟರಲ್ಲಿ ಬಾಗಿಲು ನನ್ನ ಮುಖದ ಮೇಲೆ ಮುಚ್ಚಿತು.

ಐದು ಮಹಡಿ ಮೆಟ್ಟಿಲು ಇಳಿದು, ಕಾಲು ಸೋತು, ಏದುಸಿರು ಬಿಡುತ್ತಾ ಹಾಲಿಗೆ ಬಂದೆ. ದೊಡ್ಡಮ್ಮ ಆಗಲೇ ರುಜು ಹಾಕಿ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಹಲ್ಲಿನ ಡಾಕ್ಟರ ಅತ್ತೆ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ನೋಡಲು ಕೂತಿದ್ದಳು, ಎಲೆ ಹೇಗೆ ಹಿಡಿಯಬೇಕೆಂಬ ಪಾಠ ಶುರುವಾಗಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು.

"ಯಾಕೆ ಇಷ್ಟು ತಡ?" ಎಂದಳು ದೊಡ್ಡಮ್ಮ.

ಮಾತಾಡಲು ಉಸಿರಿರಲಿಲ್ಲ. ಕೈಯಲ್ಲೇ ಏನೋ ಹೇಳಲು ಹೋದೆ.

ಅವಳು ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟು, ಉಳಿದವರಿಗೂ ಇಡಿ ಎಂದು ಸನ್ನೆ ಮಾಡಿದಳು. "ಅವಸರ ಇಲ್ಲ, ನಿಧಾನಕ್ಕೆ ಬಾ," ಎಂದಳು. "ನಾವು ಕಾಯ್ತೀವಿ."